ಹಳೇ ಬಾಕ್ಸರ್ ಮೇಲೋ, ಈಗಿನವರು ಮೇಲೋ? ಮೊದಲು ಹೇಳಿ, ಎಷ್ಟು ರೌಂಡ್?

ಪ್ರಶ್ನೆ: ನಾನು ಜೋ ಲೂಯಿಸ್, ರಾಕಿ ಮಾರ್ಸಿಯಾನೊ, ಷುಗರ್ ರೇ ರಾಬಿನ್ಸನ್ ಅವರ ಹಳೇ ಪಂದ್ಯಗಳನ್ನು ಹುಡುಕಿ ಹುಡುಕಿ ನೋಡುವವನು. ನನ್ನ ಗೆಳೆಯ ನಗುತ್ತಾನೆ. ಓಟದಲ್ಲಿ, ಈಜಿನಲ್ಲಿ ಆ ಕಾಲದ ದಾಖಲೆಗಳೆಲ್ಲ ಯಾವಾಗಲೋ ಮುರಿದುಹೋಗಿವೆ, ಬಾಕ್ಸಿಂಗ್ ಮಾತ್ರ ಹೇಗೆ ಬೇರೆ ಆಗುತ್ತೆ ಎನ್ನುತ್ತಾನೆ. ಈಗಿನವರ ಮುಂದೆ ನನ್ನ ಹೀರೋಗಳು ಮೂರು ರೌಂಡ್ ಕೂಡ ನಿಲ್ಲುವುದಿಲ್ಲವಂತೆ. ಯಾರ ಮಾತು ಸರಿ?

ಉತ್ತರ: ಗೆಳೆಯರಿಗೆ ಉತ್ತರ ಕೊಡುವ ಮೊದಲು ಅವರನ್ನೇ ಒಂದು ಮಾತು ಕೇಳಿ. ಆ ಪಂದ್ಯ ಎಷ್ಟು ರೌಂಡಿನದು? ಈಗಿನ ಪಟ್ಟದ ಪಂದ್ಯದ ಹಾಗೆ 12ರದ್ದೋ, ಹಳೇ ಕಾಲದ ಹಾಗೆ 15ರದ್ದೋ? ಮಾತು ತಿರುಗಿಸಲು ಇದನ್ನು ಕೇಳುತ್ತಿಲ್ಲ. ಅರ್ಧ ಜಗಳ ಇದರ ಮೇಲೆಯೇ ನಿಂತಿದೆ.

1941ರ ಜೂನ್ 18. ನ್ಯೂಯಾರ್ಕಿನಲ್ಲಿ ಹೆವಿವೇಟ್ ಚಾಂಪಿಯನ್ ಜೋ ಲೂಯಿಸ್ ಎದುರು ಬಿಲ್ಲಿ ಕಾನ್. ಕಾನ್ ಲೈಟ್ ಹೆವಿವೇಟ್‌ನಿಂದ ಮೇಲೆ ಬಂದವನು. ಲೂಯಿಸ್‌ಗಿಂತ 10 ಕೆ.ಜಿ.ಗೂ ಜಾಸ್ತಿ ಹಗುರ. ಆದರೂ 12 ರೌಂಡ್ ಮುಗಿದಾಗ ಅಂಕ ಹಾಕುವ ಮೂವರಲ್ಲಿ ಇಬ್ಬರ ಲೆಕ್ಕದಲ್ಲಿ ಕಾನ್ ಮುಂದಿದ್ದ. ಇನ್ನೊಬ್ಬರ ಲೆಕ್ಕದಲ್ಲಿ ಸಮ. ಉಳಿದ ಮೂರು ರೌಂಡ್ ಕೈಗೆ ಸಿಗದೆ ಓಡಾಡಿಕೊಂಡಿದ್ದರೆ ಸಾಕಿತ್ತು. ಆದರೆ ಕಾನ್‌ಗೆ ಆಸೆ ಹುಟ್ಟಿತು. ಕೆಡವಿಯೇ ಗೆಲ್ಲಬೇಕು ಎಂದು 13ನೇ ರೌಂಡಿನಲ್ಲಿ ಹತ್ತಿರ ಹೋಗಿ ಗುದ್ದಾಟಕ್ಕೆ ನಿಂತ. ಲೂಯಿಸ್‌ಗೆ ಬೇಕಿದ್ದದ್ದೂ ಅದೇ. ಆ ರೌಂಡಿಗೆ ಇನ್ನೂ 2 ಸೆಕೆಂಡ್ ಉಳಿದಿದ್ದಾಗ ರೆಫರಿ ಹತ್ತು ಎಣಿಸಿ ಮುಗಿಸಿದ.

ಈಗಿನ ನಿಯಮದಲ್ಲಿ ಆ ಪಂದ್ಯ 12ಕ್ಕೇ ಮುಗಿಯುತ್ತಿತ್ತು, ಕಾನ್ ಚಾಂಪಿಯನ್ ಆಗುತ್ತಿದ್ದ. ಲೂಯಿಸ್ 25 ಸಲ ಪಟ್ಟ ಉಳಿಸಿಕೊಂಡ ದಾಖಲೆಯೇ ಇರುತ್ತಿರಲಿಲ್ಲ. ಇನ್ನೊಂದು ನೋಡಿ. 1952ರಲ್ಲಿ ಮಾರ್ಸಿಯಾನೊ ಪಟ್ಟಕ್ಕೇರಿದ್ದು ಜೆರ್ಸಿ ಜೋ ವಾಲ್ಕಾಟ್‌ನನ್ನು ಒಂದೇ ಬಲಗೈ ಏಟಿಗೆ ಮಲಗಿಸಿ. ಅದೂ 13ನೇ ರೌಂಡಿನಲ್ಲಿ. ಅಲ್ಲಿವರೆಗೆ ಮೂವರ ಲೆಕ್ಕದಲ್ಲೂ ಮಾರ್ಸಿಯಾನೊ ಹಿಂದಿದ್ದ. 1981ರಲ್ಲಿ ಲಾಸ್ ವೇಗಸ್‌ನಲ್ಲಿ ಷುಗರ್ ರೇ ಲಿಯೊನಾರ್ಡ್ ಕೂಡ ಥಾಮಸ್ ಹರ್ನ್ಸ್ ಎದುರು ಹಿಂದಿದ್ದು, 14ನೇ ರೌಂಡಿನಲ್ಲಿ ಗೆದ್ದ. 12ಕ್ಕೆ ಗಂಟೆ ಹೊಡೆದಿದ್ದರೆ ಆ ರಾತ್ರಿ ಹರ್ನ್ಸ್‌ನದಾಗುತ್ತಿತ್ತು.

ಹಾಗಂತ ಈ ಮೂವರೂ ಇವತ್ತು ಬಂದರೆ ಸೋಲುತ್ತಾರೆ ಎಂದೂ ಹೇಳಲಾಗದು. 12 ಎಂದು ಮೊದಲೇ ಗೊತ್ತಿದ್ದರೆ ಅವರು ಬೇರೆ ಥರ ಆಡುತ್ತಿದ್ದರು. ಉಸಿರನ್ನು 15 ರೌಂಡಿಗೆ ಹಂಚಿಕೊಂಡು ಖರ್ಚು ಮಾಡುವವನ ಆಟವೇ ಬೇರೆ, 12ಕ್ಕೆ ಹಂಚುವವನ ಆಟವೇ ಬೇರೆ. ಈಗಿನ ಚುರುಕಿನ ಬಾಕ್ಸರನ್ನು 15 ರೌಂಡಿನ ರಿಂಗಿಗೆ ಇಳಿಸಿದರೂ ಇದೇ ಮಾತು. ಕೊನೆಯ ಮೂರು ರೌಂಡಿಗೆ ಅವನ ಮೈ ಪಳಗಿಲ್ಲ.

15 ಹೋಗಿ 12 ಬಂದದ್ದರ ಹಿಂದೆ ಒಂದು ಸಾವಿದೆ. 1982ರ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ, ರೇ ಮಾನ್ಸಿನಿ ಎದುರಿನ ಪಂದ್ಯದ 14ನೇ ರೌಂಡಿನಲ್ಲಿ ಬಿದ್ದ. ಕೆಲವೇ ದಿನದಲ್ಲಿ ತೀರಿಕೊಂಡ. ಅವನಿಗೆ ವಯಸ್ಸಾದರೂ ಎಷ್ಟು, ಇನ್ನೂ ಇಪ್ಪತ್ತರ ಹರೆಯ. ಪಟ್ಟ ಕೊಡುವ ಸಂಸ್ಥೆಗಳಲ್ಲಿ ಮೊದಲು ಡಬ್ಲ್ಯೂಬಿಸಿ, ಆಮೇಲೆ ಒಂದೊಂದಾಗಿ ಉಳಿದವು 12 ರೌಂಡಿಗೆ ಇಳಿದವು. 15 ರೌಂಡಿನ ಕಾಲವನ್ನು ಹೊಗಳುವಾಗ ಆ ಹುಡುಗನನ್ನು ಮರೆಯಬಾರದು ಎಂಬುದು ನನ್ನ ಕಳಕಳಿ. ಅದನ್ನು ವಾಪಸ್ ತರಬೇಕು ಎನ್ನುವವರ ಜೊತೆ ನಾನಿಲ್ಲ.

ಈಗ ತೂಕಕ್ಕೆ ಬರೋಣ. ಇಲ್ಲಿ ಜನ ತುಂಬಾ ಮೋಸ ಹೋಗುತ್ತಾರೆ. ರಾಬಿನ್ಸನ್ ಕಾಲದಲ್ಲಿ ತೂಕ ಹಾಕುತ್ತಿದ್ದದ್ದು ಪಂದ್ಯದ ದಿನವೇ. ಬೆಳಿಗ್ಗೆ ತೂಗಿದವನೇ ರಾತ್ರಿ ರಿಂಗಿಗೆ ಬರುತ್ತಿದ್ದ. ಈಗ ತೂಗುವುದು ಹಿಂದಿನ ದಿನ. ಬೆವರು ಹರಿಸಿ, ನೀರು ಬಿಟ್ಟು, ಮೈ ಒಣಗಿಸಿಕೊಂಡು ತಕ್ಕಡಿ ಹತ್ತುತ್ತಾರೆ. ಇಳಿದ ಮೇಲೆ ಒಂದು ದಿನಪೂರ್ತಿ ತಿಂದು ಕುಡಿದು ತುಂಬಿಕೊಳ್ಳುತ್ತಾರೆ. ರಾಬಿನ್ಸನ್ ಆಡಿದ ವೆಲ್ಟರ್‌ವೇಟ್ ವಿಭಾಗದ ಮಿತಿ ಆಗಲೂ ಈಗಲೂ 66.7 ಕೆ.ಜಿ. ಆದರೆ ಈಗ ಗಂಟೆ ಹೊಡೆಯುವ ಹೊತ್ತಿಗೆ ಅದೇ ವೆಲ್ಟರ್‌ವೇಟ್ ಬಾಕ್ಸರ್ ಹಳೇ ಲೆಕ್ಕದಲ್ಲಿ ಅದಕ್ಕಿಂತ ಮೇಲಿನ ವಿಭಾಗದ ಮಿಡಲ್‌ವೇಟ್ ಆಗಿರಬಹುದು. ಹಳಬರ ಮೈಕಟ್ಟು ಈಗಿನವರ ಪಕ್ಕ ಸಣ್ಣದಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಇಬ್ಬರನ್ನೂ ಒಂದೇ ದಿನ ಒಂದೇ ತಕ್ಕಡಿಗೆ ಹತ್ತಿಸಿದರೆ ಆ ಅಂತರ ಮುಕ್ಕಾಲು ಪಾಲು ಕರಗಿಹೋಗುತ್ತದೆ.

ಹೆವಿವೇಟ್ ಮಾತ್ರ ಬೇರೆ ಕಥೆ. ಅಲ್ಲಿ ಮೇಲಿನ ಮಿತಿಯೇ ಇಲ್ಲ. ಮಾರ್ಸಿಯಾನೊ ಸುಮಾರು 85 ಕೆ.ಜಿ. 1920ರ ದಶಕದ ಚಾಂಪಿಯನ್ ಜಾಕ್ ಡೆಂಪ್ಸಿಯೂ ಅಷ್ಟೇ. ಇವತ್ತು ಇಬ್ಬರೂ ಹೆವಿವೇಟ್‌ಗಿಂತ ಕೆಳಗಿನ ಕ್ರೂಸರ್‌ವೇಟ್‌ನಲ್ಲಿ ಆಡಬೇಕಾಗುತ್ತಿತ್ತು. ಆ ವಿಭಾಗ ಹುಟ್ಟಿದ್ದೇ 1979ರ ಸುಮಾರಿಗೆ. ಮಿತಿ ಈಗ 90.7 ಕೆ.ಜಿ. ಈ ಒಂದು ವಿಷಯದಲ್ಲಿ ನಿಮ್ಮ ಗೆಳೆಯರ ಮಾತಿಗೆ ತೂಕವಿದೆ. ಮಾರ್ಸಿಯಾನೊ ಎಂದರೆ ನನಗೆ ಪ್ರಾಣ. ಆದರೂ ಅವನ ಗಿಡ್ಡ ತೋಳು, ಐದಡಿ ಹತ್ತಂಗುಲದ ಎತ್ತರ ಇಟ್ಟುಕೊಂಡು ಆರಡಿ ಒಂಬತ್ತಂಗುಲದ, ನಮ್ಮ ಕಾಲದ ಹೆವಿವೇಟ್ ಟೈಸನ್ ಫ್ಯೂರಿಯ ಒಳಗೆ ನುಗ್ಗುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು.

ಆದರೆ ದೊಡ್ಡ ಮೈ ಇದ್ದರೆ ಮುಗಿಯಿತು ಎನ್ನುವುದೂ ತಪ್ಪು. 1935ರಲ್ಲಿ ಲೂಯಿಸ್ 89 ಕೆ.ಜಿ. ಇಟ್ಟುಕೊಂಡು 118 ಕೆ.ಜಿ.ಯ ಪ್ರಿಮೊ ಕಾರ್ನೆರಾನನ್ನು 6ನೇ ರೌಂಡಿನಲ್ಲಿ ಮುಗಿಸಿದ. ಅದು ಹಳೇ ಮಾತಾಯಿತು ಎನ್ನುತ್ತಾರಾ? ಹಾಗಾದರೆ 2024ರ ಡಿಸೆಂಬರ್ ನೋಡಿ. ಒಲೆಕ್ಸಾಂಡರ್ ಉಸಿಕ್ 102 ಕೆ.ಜಿ., ಫ್ಯೂರಿ 127. ಗೆದ್ದವನು ಉಸಿಕ್. ಆ ವರ್ಷ ಫ್ಯೂರಿಯನ್ನು ಅವನು ಸೋಲಿಸಿದ್ದು ಎರಡನೇ ಸಲ. ಉಸಿಕ್ ಕೂಡ ಕ್ರೂಸರ್‌ವೇಟ್‌ನಿಂದ ಬಂದವನೇ.

ಇನ್ನು ಓಟದ ಹೋಲಿಕೆ. ಓಟದಲ್ಲಿ ಕೊನೆಗೆ ಮಾತಾಡುವುದು ಗಡಿಯಾರ. ಜೆಸ್ಸಿ ಓವೆನ್ಸ್ 1936ರಲ್ಲಿ 100 ಮೀಟರ್ ಓಡಿದ್ದು 10.3 ಸೆಕೆಂಡಿನಲ್ಲಿ, ಉಸೇನ್ ಬೋಲ್ಟ್ 2009ರಲ್ಲಿ 9.58ರಲ್ಲಿ. ಓವೆನ್ಸ್ ಓಡಿದ್ದು ಬೂದಿ ಹಾಸಿದ ಟ್ರ್ಯಾಕಿನ ಮೇಲೆ, ಕಾಲಿಡಲು ತಾನೇ ಕುಳಿ ತೋಡಿಕೊಂಡು. ಆದರೂ ಒಪ್ಪೋಣ, ಈಗಿನವರು ವೇಗ. ಬಾಕ್ಸಿಂಗ್‌ನಲ್ಲಿ ಎದುರಿಗೆ ಇರುವುದು ಗಡಿಯಾರ ಅಲ್ಲ, ಮನುಷ್ಯ. ಅವನು ನಿಮ್ಮ ಆಟ ಕೆಡಿಸಲೆಂದೇ ಬಂದವನು. ಅವನನ್ನು ಓದುವುದಕ್ಕೆ ಬೇಕಾದದ್ದು ಬೇರೆ ವಿದ್ಯೆ.

ಆ ವಿದ್ಯೆ ಹಳಬರಲ್ಲಿ ಎಷ್ಟಿತ್ತು ಎಂದು ನೋಡಬೇಕಾದರೆ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಸಾಕು. 1936ರಲ್ಲಿ ಲೂಯಿಸ್ ಇನ್ನೂ ಸೋಲೇ ಕಾಣದವನು. ಷ್ಮೆಲಿಂಗ್ ಅವನ ಆಟವನ್ನು ರಿಂಗ್ ಪಕ್ಕ ಕೂತು ನೋಡಿದ್ದ, ಫಿಲ್ಮ್ ತರಿಸಿ ಮತ್ತೆ ಮತ್ತೆ ನೋಡಿದ್ದ. ಒಂದೇ ಒಂದು ತಪ್ಪು ಸಿಕ್ಕಿತು. ಲೂಯಿಸ್ ಎಡಗೈಯಿಂದ ಜ್ಯಾಬ್, ಅಂದರೆ ನೇರಕ್ಕೆ ಚಾಚುವ ಚುರುಕಿನ ಏಟು, ಹೊಡೆದ ಮೇಲೆ ಆ ಕೈಯನ್ನು ಕೆನ್ನೆಯ ಪಕ್ಕಕ್ಕೆ ತರುವ ಬದಲು ಸ್ವಲ್ಪ ಕೆಳಗೆ ಬಿಡುತ್ತಿದ್ದ. ಅರೆಕ್ಷಣ ಅಷ್ಟೇ. ಆ ಅರೆಕ್ಷಣದಲ್ಲಿ ಎಡಕೆನ್ನೆ ಬಯಲು. ಷ್ಮೆಲಿಂಗ್ ತನ್ನ ಬಲಗೈಯನ್ನು ಆ ಸಂದಿಗೆ ಕಳಿಸುತ್ತಲೇ ಹೋದ. 4ನೇ ರೌಂಡಿನಲ್ಲಿ ಒಮ್ಮೆ ಕೆಡವಿದ, 12ನೇ ರೌಂಡಿನಲ್ಲಿ ಮುಗಿಸಿದ. ಎರಡು ವರ್ಷದ ನಂತರ ಲೂಯಿಸ್ ಆ ಕೈ ಸರಿಮಾಡಿಕೊಂಡು ಬಂದ. 124 ಸೆಕೆಂಡಿನಲ್ಲಿ ಪಂದ್ಯ ಮುಗಿಯಿತು. ವಿಡಿಯೊ ನೋಡಿ ಎದುರಾಳಿಯನ್ನು ಬಿಡಿಸಿ ಓದುವುದು ಈಗಿನ ಕೋಚ್‌ಗಳು ಕಂಡುಹಿಡಿದದ್ದು ಎಂದು ಯಾರಾದರೂ ಹೇಳಿದರೆ ಈ ಎರಡು ಪಂದ್ಯ ತೋರಿಸಿ. ನಾನು ಹೊಸದಾಗಿ ಕಲಿಯಲು ಬರುವ ಹುಡುಗರಿಗೆ ಮೊದಲು ತೋರಿಸುವುದೂ ಇವನ್ನೇ. ಜ್ಯಾಬ್ ಹೊಡೆದ ಕೈ ಎಲ್ಲಿಗೆ ವಾಪಸ್ ಬರಬೇಕು ಎಂದು ಆಮೇಲೆ ಬಾಯಲ್ಲಿ ಹೇಳುವ ಅಗತ್ಯ ಬೀಳುವುದಿಲ್ಲ.

ಇಷ್ಟು ವಿದ್ಯೆ ಎಲ್ಲಿಂದ ಬಂತು? ರಿಂಗಿನಿಂದಲೇ. ರಾಬಿನ್ಸನ್ 1940ರ ಅಕ್ಟೋಬರ್‌ನಲ್ಲಿ ವೃತ್ತಿಗೆ ಇಳಿದ. 1943ರ ಫೆಬ್ರವರಿ ಹೊತ್ತಿಗೆ 40 ಪಂದ್ಯ ಆಡಿ 40ನ್ನೂ ಗೆದ್ದಿದ್ದ. ನಮ್ಮ ಕಾಲದ ಶ್ರೇಷ್ಠರಲ್ಲಿ ಒಬ್ಬನಾದ ಟೆರೆನ್ಸ್ ಕ್ರಾಫರ್ಡ್ 2008ರಲ್ಲಿ ಶುರುಮಾಡಿದವನು, 42ನೇ ಗೆಲುವು ಕಂಡದ್ದು 2025ರ ಸೆಪ್ಟೆಂಬರ್‌ನಲ್ಲಿ, ಕನೆಲೊ ಅಲ್ವಾರೆಜ್ ಎದುರು. ರಾಬಿನ್ಸನ್ ಎರಡೂವರೆ ವರ್ಷದೊಳಗೆ ಮಾಡಿದ್ದನ್ನೇ ಹೆಚ್ಚುಕಡಿಮೆ ಕ್ರಾಫರ್ಡ್ ಹದಿನೇಳು ವರ್ಷದಲ್ಲಿ ಮಾಡಿದ. ಇದು ಕ್ರಾಫರ್ಡ್‌ನ ತಪ್ಪಲ್ಲ. ಈಗ ಒಂದೊಂದು ಪಂದ್ಯದ ಹಿಂದೆ ಟಿವಿ, ದುಡ್ಡು, ಬೆಲ್ಟ್ ಎಲ್ಲ ಇರುತ್ತದೆ. ತಿಂಗಳಿಗೊಮ್ಮೆ ರಿಂಗಿಗೆ ಇಳಿಯುವ ಕಾಲ ಹೋಯಿತು. ಮೈಗೂ ತಲೆಗೂ ಅದೇ ಒಳ್ಳೆಯದು. ಆದರೆ ನೂರು ಥರದ ಎದುರಾಳಿಗಳನ್ನು ಕಂಡ ಕಣ್ಣು ಜಿಮ್ಮಿನಲ್ಲಿ ಸಿಗುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಗೆಳೆಯರು ಇದು ಬರೀ ಊಹೆ ಎನ್ನಬಹುದು. ಊಹೆ ಅಲ್ಲದ ಒಂದು ಸಾಕ್ಷಿ ಇದೆ. ಕಾಲಗಳು ರಿಂಗಿನಲ್ಲೇ ಎದುರುಬದುರಾಗಿವೆ. ಲೂಯಿಸ್ 1951ರಲ್ಲಿ ಮಾರ್ಸಿಯಾನೊ ಜೊತೆ ಆಡಿದ. ಮಾರ್ಸಿಯಾನೊ 1955ರಲ್ಲಿ ಆರ್ಚಿ ಮೂರ್ ಜೊತೆ. ಮೂರ್ 1962ರಲ್ಲಿ ಮುಹಮ್ಮದ್ ಅಲಿ ಜೊತೆ. ಅಲಿ 1974ರಲ್ಲಿ ಜಾರ್ಜ್ ಫೋರ್ಮನ್ ಜೊತೆ. ಫೋರ್ಮನ್ 1991ರಲ್ಲಿ ಇವಾಂಡರ್ ಹೋಲಿಫೀಲ್ಡ್ ಜೊತೆ. ಹೋಲಿಫೀಲ್ಡ್ 2002ರಲ್ಲಿ ಕ್ರಿಸ್ ಬರ್ಡ್ ಜೊತೆ. ಬರ್ಡ್ 2006ರಲ್ಲಿ ವ್ಲಾಡಿಮಿರ್ ಕ್ಲಿಚ್ಕೊ ಜೊತೆ. ಕ್ಲಿಚ್ಕೊ 2015ರಲ್ಲಿ ಫ್ಯೂರಿ ಜೊತೆ. ಫ್ಯೂರಿ 2024ರಲ್ಲಿ ಉಸಿಕ್ ಜೊತೆ. ಲೂಯಿಸ್‌ನಿಂದ ಉಸಿಕ್‌ವರೆಗೆ ಹತ್ತೇ ಜನ, ಕೈಗೆ ಕೈ ತಾಕಿದೆ.

ಈ ಸರಪಳಿಯನ್ನು ಓದುವ ರೀತಿ ಒಂದಿದೆ. ಹೆಚ್ಚುಕಡಿಮೆ ಪ್ರತಿ ಕೊಂಡಿಯಲ್ಲೂ ಒಬ್ಬ ಮುದುಕನಾಗುತ್ತಿದ್ದವನು. ಮಾರ್ಸಿಯಾನೊ ಎದುರು ಬಿದ್ದಾಗ ಲೂಯಿಸ್‌ಗೆ 37. ಹಾಗಾಗಿ ಹಳಬ ಸೋತರೆ ಅದರಿಂದ ಏನೂ ತಿಳಿಯುವುದಿಲ್ಲ. ಆದರೆ ವಯಸ್ಸಾದ ಹಳಬ ಹೊಸಬನ ಎದುರು ಗಟ್ಟಿಯಾಗಿ ನಿಂತರೆ? ಅಲ್ಲಿ ಕಿವಿ ನೆಟ್ಟಗೆ ಮಾಡಿಕೊಳ್ಳಬೇಕು. ಫೋರ್ಮನ್ 42ನೇ ವಯಸ್ಸಿನಲ್ಲಿ, ಸೋಲೇ ಕಾಣದ 28ರ ಹೋಲಿಫೀಲ್ಡ್ ಎದುರು ಪೂರ್ತಿ 12 ರೌಂಡ್ ನಿಂತ. 1994ರಲ್ಲಿ ಮೈಕಲ್ ಮೂರರ್ ಎದುರು ಬಂದಾಗ ಫೋರ್ಮನ್‌ಗೆ 45. ಆ ವರ್ಷವೇ ಹೋಲಿಫೀಲ್ಡ್‌ನನ್ನು ಸೋಲಿಸಿ ಚಾಂಪಿಯನ್ ಆಗಿದ್ದವನು ಮೂರರ್. ಫೋರ್ಮನ್ ತೊಟ್ಟಿದ್ದದ್ದು ಇಪ್ಪತ್ತು ವರ್ಷ ಹಿಂದೆ ಅಲಿ ಎದುರು ಸೋತಾಗ ತೊಟ್ಟಿದ್ದ ಅದೇ ಕೆಂಪು ಚಡ್ಡಿ. ಒಂಬತ್ತು ರೌಂಡ್ ಏಟು ತಿಂದ. 10ನೆಯದರಲ್ಲಿ ಎಡಗೈ ಒಂದು, ಹಿಂದೆಯೇ ಬಲಗೈ ಒಂದು. ಮೂರರ್ ಮತ್ತೆ ಏಳಲಿಲ್ಲ.

ಅದೇ ಥರ ಲ್ಯಾರಿ ಹೋಮ್ಸ್. 1978ರಿಂದ 85ರವರೆಗಿನ ಚಾಂಪಿಯನ್. 1992ರಲ್ಲಿ 42ರ ಹೋಮ್ಸ್, ಅಲ್ಲಿವರೆಗೆ ಸೋಲದ ಒಲಿಂಪಿಕ್ ಚಿನ್ನದ ರೇ ಮರ್ಸರ್‌ಗೆ ಹನ್ನೆರಡು ರೌಂಡ್ ಪಾಠ ಹೇಳಿದ. ಹೆಚ್ಚಿನ ಹೊತ್ತು ಮೂಲೆಗೆ ಬೆನ್ನು ಕೊಟ್ಟು, ಜ್ಯಾಬ್ ಹಾಕುತ್ತಾ. 1970ರ ದಶಕದ ವಿದ್ಯೆ, ಮುದಿ ಮೈಯಲ್ಲಿ ಕೂತೇ, 90ರ ದಶಕದ ಗಟ್ಟಿಗರನ್ನು ಗೆದ್ದಿದೆ. ಅದೇ ವಿದ್ಯೆ 28ರ ಮೈಯಲ್ಲಿದ್ದಿದ್ದರೆ ಏನಾಗುತ್ತಿತ್ತು? ಹಳಬರ ಪರ ನನ್ನ ಹತ್ತಿರ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಇನ್ನೊಂದು ಮಾತು ನಿಮಗೆ, ಹಳೇ ಕಾಲದ ಅಭಿಮಾನಿಗೆ. ಆ ಕಾಲದ ಚಾಂಪಿಯನ್‌ಗಳು ಎಲ್ಲರನ್ನೂ ಎದುರಿಸಿ ಗೆದ್ದವರಲ್ಲ. ಕಪ್ಪು ಚಾಂಪಿಯನ್ ಜಾಕ್ ಜಾನ್ಸನ್ 1915ರಲ್ಲಿ ಪಟ್ಟ ಕಳೆದುಕೊಂಡ ಮೇಲೆ 1937ರಲ್ಲಿ ಲೂಯಿಸ್ ಬರುವವರೆಗೆ, 22 ವರ್ಷ, ಒಬ್ಬ ಕಪ್ಪು ಬಾಕ್ಸರ್‌ಗೂ ಹೆವಿವೇಟ್ ಪಟ್ಟಕ್ಕೆ ಆಡುವ ಅವಕಾಶ ಕೊಡಲಿಲ್ಲ. ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಕಾದ, ಡೆಂಪ್ಸಿ ಜೊತೆ ಪಂದ್ಯ ಆಗಲೇ ಇಲ್ಲ. ಆಮೇಲೆ ಕ್ಯೂಬಾ, ಸೋವಿಯತ್ ಒಕ್ಕೂಟ ತಮ್ಮವರನ್ನು ವೃತ್ತಿಪರ ರಿಂಗಿಗೆ ಬಿಡಲಿಲ್ಲ. 1972, 76, 80ರಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದ ಕ್ಯೂಬಾದ ಟೆಯೋಫಿಲೊ ಸ್ಟೀವನ್ಸನ್ ಅಲಿ ಎದುರು ನಿಲ್ಲಲೇ ಇಲ್ಲ. ಇವತ್ತು ಉಕ್ರೇನ್, ಉಜ್ಬೇಕಿಸ್ತಾನ್, ಜಪಾನ್ ಎಲ್ಲಿಂದ ಬೇಕಾದರೂ ಚಾಂಪಿಯನ್ ಬರಬಹುದು. ಇದು ಈಗಿನವರ ಪರವಾಗಿ ಇರುವ ಗಟ್ಟಿ ವಾದ. ಮೈಕಟ್ಟಿನ ವಾದಕ್ಕಿಂತ ಗಟ್ಟಿ.

ನನ್ನ ತೀರ್ಪು ಕೇಳಿದರೆ ಹೀಗೆ. ಹೆವಿವೇಟ್‌ನಲ್ಲಿ ಲೂಯಿಸ್, ಅಲಿ ಯಾವ ಕಾಲಕ್ಕೂ ಸಲ್ಲುತ್ತಾರೆ. ಮಾರ್ಸಿಯಾನೊ, ಡೆಂಪ್ಸಿ ಈಗಿನ ದೈತ್ಯರ ಎದುರು ಕಷ್ಟಪಡುತ್ತಾರೆ, ಕ್ರೂಸರ್‌ವೇಟ್‌ನಲ್ಲಿ ರಾಜರಾಗುತ್ತಾರೆ. ವೆಲ್ಟರ್‌ವೇಟ್‌ನಲ್ಲಿ, ಅದೇ ದಿನ ತೂಕ ಹಾಕಿ, ರಾಬಿನ್ಸನ್ ಎದುರು ಯಾರನ್ನು ಬೇಕಾದರೂ ನಿಲ್ಲಿಸಿ. ನಾನು ರಾಬಿನ್ಸನ್ ಕಡೆ.

ಪ್ರಶ್ನೆ: ಮಾರ್ಸಿಯಾನೊ 49 ಆಡಿ 49 ಗೆದ್ದ. ಫ್ಲಾಯ್ಡ್ ಮೇವೆದರ್ 50ಕ್ಕೆ 50. ಸೋಲಿಲ್ಲದವನೇ ದೊಡ್ಡವನು ಅಲ್ವಾ? ರಾಬಿನ್ಸನ್ 19 ಸಲ ಸೋತಿದ್ದಾನೆ.

ಉತ್ತರ: ಅಲ್ಲ. ಆ 19ರಲ್ಲಿ ಮೊದಲನೆಯದನ್ನು ಹತ್ತಿರದಿಂದ ನೋಡಿ. 1943ರ ಫೆಬ್ರವರಿ 5ರಂದು, ತನಗಿಂತ 7 ಕೆ.ಜಿ. ಹೆಚ್ಚು ತೂಕದ ಜೇಕ್ ಲಮೊಟಾ ಎದುರು ರಾಬಿನ್ಸನ್ ಸೋತ. 19ರಂದು ಇನ್ನೊಬ್ಬನ ಜೊತೆ ಆಡಿ ಗೆದ್ದ. 26ರಂದು ಮತ್ತೆ ಲಮೊಟಾ ಎದುರಿಗೇ ಬಂದ, ಗೆದ್ದ. ಮೂರು ವಾರದಲ್ಲಿ ಮೂರು ಪಂದ್ಯ. ಆಮೇಲೆ 1951ರವರೆಗೆ ಸೋಲಲೇ ಇಲ್ಲ. ಉಳಿದ ಸೋಲುಗಳಲ್ಲಿ ಹೆಚ್ಚಿನವು ವಯಸ್ಸು ನಲವತ್ತರ ಆಚೆ ಈಚೆ ಇದ್ದಾಗ, ದುಡ್ಡಿಗಾಗಿ ಆಡುತ್ತಲೇ ಇದ್ದಾಗ ಬಂದವು. ಸೋಲಿನ ಲೆಕ್ಕದಲ್ಲಿ ಸೊನ್ನೆ ಕಾಪಾಡಿಕೊಳ್ಳುವುದು ಈಗಿನ ವ್ಯಾಪಾರಕ್ಕೆ ಬೇಕು. ಒಂದು ಸೋಲಾದರೆ ಬೆಲೆ ಇಳಿಯುತ್ತೆ. ಆಗ ಹಾಗಿರಲಿಲ್ಲ. ಸೋತವನು ಮುಂದಿನ ತಿಂಗಳು ಮತ್ತೆ ರಿಂಗಿಗೆ ಬರುತ್ತಿದ್ದ. ಮೇವೆದರ್ ದೊಡ್ಡ ಬಾಕ್ಸರ್, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅವನ ಭುಜದ ಮರೆಯ ಆ ರಕ್ಷಣೆ ಇದೆಯಲ್ಲ, ಅದು ಅವನು ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ರಿಂಗಿನಲ್ಲಿದ್ದ ವಿದ್ಯೆ.

ಪ್ರಶ್ನೆ: 1910ರ ಸುಮಾರಿನ ಪಂದ್ಯಗಳ ಫಿಲ್ಮ್ ನೋಡಿದರೆ ಬೊಂಬೆಗಳು ಕುಣಿದ ಹಾಗಿರುತ್ತೆ. ಸುಮ್ನೆ ತಬ್ಬಿಕೊಂಡು ನಿಲ್ಲುತ್ತಾರೆ. ಇದನ್ನು ಕಲೆ ಎನ್ನುವುದು ಹೇಗೆ?

ಉತ್ತರ: ಕುಣಿತ ಕ್ಯಾಮೆರಾದ್ದು. ಆಗ ಫಿಲ್ಮ್ ಓಡಿಸುತ್ತಿದ್ದದ್ದು ಕೈಯಿಂದ ತಿರುಗಿಸಿ, ವೇಗವೂ ಕಡಿಮೆ. ಅದನ್ನೇ ಈಗಿನ ವೇಗದಲ್ಲಿ ಹಾಕಿದರೆ ಎಲ್ಲರೂ ಕುಪ್ಪಳಿಸಿದಂತೆ ಕಾಣುತ್ತಾರೆ. ವೇಗ ಸರಿಮಾಡಿದ ಪ್ರತಿ ಸಿಕ್ಕರೆ ನೋಡಿ, ಜಾಕ್ ಜಾನ್ಸನ್ ಎಷ್ಟು ನಿಧಾನವಾಗಿ, ಎಷ್ಟು ಲೆಕ್ಕವಾಗಿ ಕೈ ಚಾಚುತ್ತಾನೆ ಎಂದು ಗೊತ್ತಾಗುತ್ತದೆ.

ತಬ್ಬಿಕೊಳ್ಳುವುದಕ್ಕೆ ಕಾರಣ ಇದೆ. 1915ರಲ್ಲಿ ಹವಾನಾದಲ್ಲಿ ಜಾನ್ಸನ್ ಮತ್ತು ಜೆಸ್ ವಿಲ್ಲರ್ಡ್ ಪಂದ್ಯ ಗೊತ್ತುಮಾಡಿದ್ದು 45 ರೌಂಡಿಗೆ. ಬಿಸಿಲಲ್ಲಿ. ಮುಗಿದದ್ದು 26ರಲ್ಲಿ. ಅಷ್ಟು ಉದ್ದದ ದಾರಿ ಮುಂದಿರುವಾಗ ಯಾರೂ ಮೊದಲ ಹತ್ತು ನಿಮಿಷದಲ್ಲಿ ಓಡುವುದಿಲ್ಲ. ಗ್ಲೌಸ್ ಕೂಡ ಸಣ್ಣವು. ಈಗಿನ ದಪ್ಪ ಗ್ಲೌಸ್ ಹಾಕಿಕೊಂಡು ಮುಖಕ್ಕೆ ಎರಡೂ ಕೈ ಅಡ್ಡ ಹಿಡಿದರೆ ಗೋಡೆ ಕಟ್ಟಿದ ಹಾಗೆ. ಆ ಸಣ್ಣ ಗ್ಲೌಸಿನಲ್ಲಿ ಗೋಡೆ ಆಗುವುದಿಲ್ಲ, ಸಂದಿಯಲ್ಲಿ ಏಟು ಬೀಳುತ್ತದೆ. ಅದಕ್ಕೇ ಅವರು ಎದುರಾಳಿಯ ತೋಳನ್ನೇ ಹಿಡಿಯುತ್ತಿದ್ದರು, ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಹತ್ತಿರದಲ್ಲಿ ನಿಂತು ಮೊಣಕೈ ಒಳಗಿಂದ ಗುದ್ದುವ ಆ ಕಲೆ ಈಗ ಕಡಿಮೆಯಾಗಿದೆ. ತಬ್ಬಿದ ಕೂಡಲೇ ರೆಫರಿ ಬಿಡಿಸಿಬಿಡುತ್ತಾನೆ, ಕಲಿತು ಏನು ಪ್ರಯೋಜನ?

ನಿಯಮ ಆಟವನ್ನು ಎಷ್ಟು ಬದಲಿಸುತ್ತದೆ ಎಂದು ನೋಡಲು 1919ರ ಡೆಂಪ್ಸಿ, ವಿಲ್ಲರ್ಡ್ ಪಂದ್ಯದ ಮೊದಲ ರೌಂಡ್ ನೋಡಿ. ವಿಲ್ಲರ್ಡ್ 25 ಕೆ.ಜಿ. ಹೆಚ್ಚು ತೂಗುವ ಆಳು. ಆ ಒಂದೇ ರೌಂಡಿನಲ್ಲಿ ಏಳು ಸಲ ಬಿದ್ದ. ಪ್ರತಿ ಸಲ ಅವನು ಏಳುವಾಗ ಡೆಂಪ್ಸಿ ಪಕ್ಕದಲ್ಲೇ ನಿಂತಿರುತ್ತಾನೆ, ಮೊಣಕಾಲು ನೆಲ ಬಿಟ್ಟ ಕೂಡಲೇ ಹೊಡೆಯುತ್ತಾನೆ. ಈಗ ಹಾಗೆ ಮಾಡುವಂತಿಲ್ಲ, ದೂರದ ಮೂಲೆಗೆ ಹೋಗಿ ನಿಲ್ಲಬೇಕು. 1927ರಲ್ಲಿ ಷಿಕಾಗೊದಲ್ಲಿ ಜೀನ್ ಟನ್ನಿಯನ್ನು ಕೆಡವಿದ ಡೆಂಪ್ಸಿ ಆ ಮೂಲೆಗೆ ಹೋಗಲು ತಡಮಾಡಿದ. ಎಣಿಕೆ ತಡವಾಗಿ ಶುರುವಾಯಿತು. ಟನ್ನಿ ಎದ್ದ, ಪಂದ್ಯ ಗೆದ್ದ. ಎಂಟು ವರ್ಷದಲ್ಲಿ ಒಂದು ನಿಯಮ ಬದಲಾಗಿತ್ತು, ಡೆಂಪ್ಸಿಯ ಕಾಲು ಇನ್ನೂ ಹಳೇ ನಿಯಮದಲ್ಲೇ ನಿಂತಿತ್ತು.

ಪ್ರಶ್ನೆ: ಕಂಪ್ಯೂಟರ್‌ಗೆ ಎಲ್ಲ ಅಂಕಿಅಂಶ ಕೊಟ್ಟು ಯಾರು ಗೆಲ್ಲುತ್ತಾರೆ ಎಂದು ಕೇಳಬಹುದಲ್ಲವೇ?

ಉತ್ತರ: ಕೇಳಿದ್ದಾರೆ. 1969ರಲ್ಲಿ ಅಲಿ ಮತ್ತು ಮಾರ್ಸಿಯಾನೊ ಇಬ್ಬರನ್ನೂ ರಿಂಗಿಗೆ ಕರೆಸಿ, ಬೇರೆ ಬೇರೆ ಮುಕ್ತಾಯಗಳನ್ನು ಚಿತ್ರೀಕರಿಸಿಕೊಂಡು, ಕಂಪ್ಯೂಟರ್ ಹೇಳಿದಂತೆ ಜೋಡಿಸಿದರು. 1970ರ ಜನವರಿಯಲ್ಲಿ ಅಮೆರಿಕದ ಪ್ರೇಕ್ಷಕರು ನೋಡಿದ್ದು 13ನೇ ರೌಂಡಿನಲ್ಲಿ ಮಾರ್ಸಿಯಾನೊ ನಾಕೌಟ್ ಮಾಡಿ ಗೆದ್ದದ್ದು. ಅದನ್ನು ನೋಡಲು ಮಾರ್ಸಿಯಾನೊ ಇರಲಿಲ್ಲ. ಚಿತ್ರೀಕರಣ ಮುಗಿದ ಸ್ವಲ್ಪ ದಿನಕ್ಕೆ, 1969ರ ಆಗಸ್ಟ್ 31ರಂದು, ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ಆ ಫಲಿತಾಂಶಕ್ಕೆ ನಾನು ಯಾವ ಬೆಲೆಯನ್ನೂ ಕೊಡುವುದಿಲ್ಲ. ಆದರೆ ಆ ಚಿತ್ರೀಕರಣಕ್ಕಾಗಿ ಮಾರ್ಸಿಯಾನೊ, ಆಟ ಬಿಟ್ಟು ಹದಿಮೂರು ವರ್ಷವಾಗಿದ್ದರೂ, 45ನೇ ವಯಸ್ಸಿನಲ್ಲಿ, 20 ಕೆ.ಜಿ.ಗೂ ಹೆಚ್ಚು ತೂಕ ಇಳಿಸಿಕೊಂಡು ಬಂದಿದ್ದ. ಏಟುಗಳು ನಿಜವಾದವಲ್ಲ ಎಂದು ಗೊತ್ತಿದ್ದೂ.